ಉಟ್ಟ ಬಟ್ಟೆಯ ಋಣ

ಮನುಷ್ಯನು ಬಟ್ಟೆ ಉಡುವುದು ಚಳಿಗಾಳಿಯಿಂದ ದೇಹವನ್ನು ಕಾಯಲು, ಮಾನವನ್ನು ಮುಚ್ಚಲು. ಆದರೆ ಕೆಲವು ಬಟ್ಟೆಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಅವುಗಳ ಹಿಂದೆ ಯಾರದೋ ಸೇವೆ, ಯಾರದೋ ಮರಣ, ಯಾರದೋ ಮನೆಯ ಕಣ್ಣೀರು ಇರುತ್ತದೆ. ಅಂತಹ ಬಟ್ಟೆಯನ್ನು ಅದಕ್ಕಾಗಿ ಏನನ್ನೂ ತೆರದವನು ಉಡಬಹುದೇ? ಕಾನೂನು ಅಡ್ಡಿ ಮಾಡದಿದ್ದರೆ ಅಷ್ಟೇ ಸಾಕೇ? ಮೂಡಬಿದಿರೆಯ ಕಡೆಯ ಒಬ್ಬ ಜೈನ ಯುವಕನಿಗೆ ಈ ಪ್ರಶ್ನೆ ಎದುರಾದುದು ದೂರದ ಸ್ಕಾಟ್ಲೆಂಡಿನಲ್ಲಿ.

ಆತ ಉದ್ಯೋಗದ ನಿಮಿತ್ತ ಎಡಿನ್‌ಬರೋ ನಗರದಲ್ಲಿ ನೆಲೆಸಿದ್ದ. ಸಹೋದ್ಯೋಗಿಯೊಬ್ಬನ ಮದುವೆಗೆ ಆಹ್ವಾನ ಬಂದಿತು. ಅಲ್ಲಿ ಮದುವೆಗೆ ಹೋಗುವ ಗಂಡಸರು ಕಿಲ್ಟ್ ಎಂಬ ನೆರಿಗೆಯ ಉಡುಪನ್ನು ತೊಡುವುದು ವಾಡಿಕೆ. ಅದರ ಚೌಕುಳಿ ಬಟ್ಟೆಗೆ ಟಾರ್ಟನ್ ಎಂದು ಹೆಸರು. ಯುವಕನು ಬಾಡಿಗೆಗೆ ಉಡುಪು ಕೊಡುವ ಅಂಗಡಿಗೆ ಹೋದ. ಸೊಂಟದ ಮುಂದೆ ತೂಗುವ ಚೀಲ ಚರ್ಮದ್ದೆಂದು ತಿಳಿದು ಅದನ್ನು ಬೇಡವೆಂದ. ನಡುಪಟ್ಟಿಯನ್ನೂ ಪಾದರಕ್ಷೆಯನ್ನೂ ಚರ್ಮವಲ್ಲವೆಂದು ಎರಡೆರಡು ಬಾರಿ ಕೇಳಿ ಖಚಿತಪಡಿಸಿಕೊಂಡ. ಬಟ್ಟೆಯ ಚೌಕುಳಿಯ ವಿಚಾರ ಬಂದಾಗ ಮಾತ್ರ, "ಯಾವುದಾದರೂ ಆದೀತು" ಎಂದುಬಿಟ್ಟ. ಅಂಗಡಿಯವನು ಕಡುಹಸಿರು, ಕಡುನೀಲಿ, ಕಪ್ಪು ಬಣ್ಣಗಳ ಕಿಲ್ಟೊಂದನ್ನು ಕಟ್ಟಿಕೊಟ್ಟ.

ಮದುವೆಯಲ್ಲಿ ಆತನ ಪಕ್ಕದಲ್ಲಿ ಊರುಗೋಲು ಹಿಡಿದ ವೃದ್ಧರೊಬ್ಬರು ಕುಳಿತಿದ್ದರು. ಅವರು ವಧುವಿನ ಬಂಧುಗಳು. ಉಟ್ಟದ್ದು ಅದೇ ಚೌಕುಳಿ. ಆದರೆ ಅದು ಬಹಳ ಹಳೆಯದು, ಅಂಚು ಸವೆದದ್ದು. ವೃದ್ಧರು ಆತನ ಉಡುಪನ್ನು ನೋಡಿ, "ನೀವು ಯಾವ ಬೆಟಾಲಿಯನ್ನಿನಲ್ಲಿದ್ದಿರಿ?" ಎಂದು ಕೇಳಿದರು. ಯುವಕನು ನಕ್ಕು, "ಇದು ಬಾಡಿಗೆಯ ಬಟ್ಟೆ" ಎಂದ. ವೃದ್ಧರು ಬೇಸರದ ಮಾತೊಂದನ್ನೂ ಆಡಲಿಲ್ಲ. "ನಿಮಗೆ ಒಪ್ಪುತ್ತದೆ" ಎಂದಷ್ಟೇ ಹೇಳಿ, ತಮ್ಮ ನೆರಿಗೆಯನ್ನು ಅಂಗೈಯಿಂದ ಸರಿಪಡಿಸಿಕೊಂಡು ಸುಮ್ಮನಾದರು. ಆ ರಾತ್ರಿ ಯುವಕನಿಗೆ ತಾನು ನಕ್ಕ ನಗೆಯೇ ಮುಳ್ಳಾಗಿ ಚುಚ್ಚಿತು.

ಆ ಬಟ್ಟೆ ಯಾವುದೆಂದು ಆತ ವಿಚಾರಿಸತೊಡಗಿದ. ಅದು ಬ್ಲ್ಯಾಕ್ ವಾಚ್ ಎಂಬ ಸೇನಾದಳದ ಟಾರ್ಟನ್. 1725ರಲ್ಲಿ ಮಲೆನಾಡಾದ ಹೈಲ್ಯಾಂಡ್ಸ್ ಪ್ರದೇಶದ ಕಾವಲಿಗೆಂದು ಕಟ್ಟಿದ ತುಕಡಿಗಳು 1739ರಲ್ಲಿ ಒಂದು ರೆಜಿಮೆಂಟಾದವು. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಬಂಡಾಯಗಾರರು ಸೋತ ಬಳಿಕ ಹೈಲ್ಯಾಂಡ್ಸ್ ಜನರ ಉಡುಪನ್ನೇ ಕಾಯಿದೆಯ ಮೂಲಕ ನಿಷೇಧಿಸಲಾಯಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷಗಳ ಗಡೀಪಾರು. ಸೇನೆಯಲ್ಲಿ ಸೇವೆ ಮಾಡುವವರಿಗೆ ಮಾತ್ರ ವಿನಾಯಿತಿ. ಆ ಕಾಯಿದೆ ರದ್ದಾದುದು 1782ರಲ್ಲಿ. ಎಂದರೆ ಮೂವತ್ತೈದು ವರ್ಷಗಳಷ್ಟು ಕಾಲ ಹೈಲ್ಯಾಂಡ್ಸ್‌ನ ಗಂಡಸು ತನ್ನ ಅಜ್ಜನ ಉಡುಪನ್ನು ನಿರ್ಭಯವಾಗಿ ಉಡಬೇಕಾದರೆ ದೊರೆಯ ಸೈನಿಕನಾಗಬೇಕಿತ್ತು. ಒಂದೇ ಬಟ್ಟೆಯಲ್ಲಿ ಒಂದು ಜನಾಂಗದ ಅಪಮಾನವೂ ಅಭಿಮಾನವೂ ಹೀಗೆ ಹೆಣೆದುಕೊಂಡವು.

ಮುಂದೆ ಬೇರೆ ದಳಗಳೂ ಇದೇ ಚೌಕುಳಿಯನ್ನು ಸಣ್ಣ ಗುರುತುಗಳೊಡನೆ ಧರಿಸಿದವು. ಗಾರ್ಡನ್ ದಳಕ್ಕೆ ಹಳದಿ ಗೆರೆ, ಸೀಫೋರ್ತ್ ದಳಕ್ಕೆ ಕೆಂಪು ಮತ್ತು ಬಿಳಿಯ ಗೆರೆಗಳು. ದಾರಿಹೋಕನಿಗೆ ಅದೊಂದು ಎಳೆ ಮಾತ್ರ. ಮಗನನ್ನು ಕಳೆದುಕೊಂಡ ತಾಯಿಗೆ ಅದು ಮಗನ ಗುರುತು. 1914ರಿಂದ 1918ರ ಮಹಾಯುದ್ಧದಲ್ಲಿ ಈ ಸೈನಿಕರು ಕಿಲ್ಟ್ ಉಟ್ಟೇ ಕಂದಕಗಳಲ್ಲಿ ನಿಂತರು. ಕೆಸರು ಮೆತ್ತಿ ಹೆಪ್ಪುಗಟ್ಟಿದ ನೆರಿಗೆಯ ಅಂಚು ಅವರ ಕಾಲುಗಳನ್ನು ಕೊಯ್ಯುತ್ತಿತ್ತು. ಬ್ಲ್ಯಾಕ್ ವಾಚ್ ದಳವೊಂದರಲ್ಲಿಯೇ ಆ ಯುದ್ಧದಲ್ಲಿ ಮಡಿದವರು 8,000ಕ್ಕೂ ಹೆಚ್ಚು. 2006ರಲ್ಲಿ ಹಳೆಯ ದಳಗಳನ್ನೆಲ್ಲ ಸೇರಿಸಿ ಸ್ಕಾಟ್ಲೆಂಡಿನ ಒಂದೇ ರೆಜಿಮೆಂಟನ್ನು ರಚಿಸಿದಾಗ ಅನೇಕ ಹಿರಿಯ ಯೋಧರು ದುಃಖಿಸಿದ್ದರ ಕಾರಣವನ್ನು ಇದರಿಂದ ಊಹಿಸಬಹುದು.

ಪರ್ತ್ ನಗರದ ಬಾಲ್‌ಹೌಸೀ ಕೋಟೆಯಲ್ಲಿ ಈ ದಳದ ವಸ್ತುಸಂಗ್ರಹಾಲಯವಿದೆ. ಯುವಕನು ಅಲ್ಲಿಗೂ ಹೋದ. ದಳಕ್ಕೆ ದೊರೆತ ಯುದ್ಧಗೌರವಗಳ ಸಾಲಿನಲ್ಲಿ ಒಂದು ಹೆಸರನ್ನು ಕಂಡು ಬೆರಗಾಗಿ ನಿಂತ. ಅದು ಮಂಗಳೂರು! ಈ ದಳದ ಎರಡನೆಯ ಬೆಟಾಲಿಯನ್ 1783ರ ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಮಂಗಳೂರಿನ ಕೋಟೆಯಲ್ಲಿ ಟೀಪುವಿನ ಮುತ್ತಿಗೆಗೆ ಸಿಕ್ಕಿ, ಹಸಿವು ರೋಗಗಳಿಂದ ನವೆದು, ಕೊನೆಗೆ ಕೋಟೆಯನ್ನು ಬಿಟ್ಟುಕೊಟ್ಟಿತ್ತು. ಅವರು ಬಂದದ್ದು ಕಂಪೆನಿಯ ರಾಜ್ಯಲೋಭದ ಯುದ್ಧಕ್ಕೆ. ಕೋಟೆಯೊಳಗಿದ್ದವರಲ್ಲಿ ಹೆಚ್ಚಿನವರು ಭಾರತೀಯ ಸಿಪಾಯಿಗಳು. ಅದೇ ಹಸಿವನ್ನು ಅವರೂ ಉಂಡರು. ಅವರ ನೆನಪನ್ನು ಹೊತ್ತು ಮದುವೆಮನೆಗಳಿಗೆ ಹೋಗುವ ಚೌಕುಳಿ ಮಾತ್ರ ಯಾವುದೂ ಇಲ್ಲ.

ಆತನ ಮನಸ್ಸು ಕಲಕಿತು. ತನ್ನ ನಾಡಿನ ಮೇಲೆ ಯುದ್ಧಕ್ಕೆ ಬಂದವರ ಬಟ್ಟೆಗೆ ಗೌರವ ಸಲ್ಲಿಸುವುದೇ? ಅಹಿಂಸೆಯನ್ನು ಪರಮಧರ್ಮವೆನ್ನುವವನು ಸೈನಿಕನ ಗುರುತಿಗೆ ತಲೆಬಾಗುವುದೇ? ಊರಿನಲ್ಲಿದ್ದ ಅಜ್ಜನಿಗೆ ದೂರವಾಣಿ ಮಾಡಿ ಎಲ್ಲವನ್ನೂ ಹೇಳಿಕೊಂಡ.

ಅಜ್ಜ ಶಾಂತವಾಗಿ ಕೇಳಿ ನುಡಿದರು: "ಮಗಾ, ಯುದ್ಧವನ್ನು ಹೊಗಳಬೇಕೆಂದು ಯಾರೂ ಹೇಳಲಿಲ್ಲ. ಸತ್ತವನ ದುಃಖಕ್ಕೆ ಪಕ್ಷವಿಲ್ಲ. ನೀನು ಚರ್ಮದ ಚೀಲವನ್ನು ಬಿಟ್ಟದ್ದು ಒಳ್ಳೆಯದಾಯಿತು. ಒಂದು ಪ್ರಾಣಿಯ ನೋವನ್ನು ನೆನೆದವನು ಪಕ್ಕದಲ್ಲಿ ಕುಳಿತ ಮನುಷ್ಯನ ನೋವನ್ನೂ ಕೇಳಬೇಕಿತ್ತಲ್ಲವೇ?"

ಮುಂದಿನ ಭಾನುವಾರ ಯುವಕನು ವೃದ್ಧರ ಮನೆಗೆ ಹೋಗಿ, ಅಂದು ನಕ್ಕುದಕ್ಕೆ ಕ್ಷಮೆ ಕೇಳಿದ. ಆ ಬಟ್ಟೆಯನ್ನು ತಾನು ಉಡಬಾರದಿತ್ತೇ ಎಂದೂ ಕೇಳಿದ. ವೃದ್ಧರು ತಲೆಯಾಡಿಸಿ ಹೇಳಿದರು: "ಯಾರು ಬೇಕಾದರೂ ಉಡಲಿ, ತಡೆಯುವವರಿಲ್ಲ. ಯಾರಾದರೂ ಕೇಳಿದಾಗ ಅದು ಏನೆಂದು ಹೇಳಲು ಬಂದರೆ ಸಾಕು." ತನ್ನ ಊರು ಮಂಗಳೂರಿನ ಸಮೀಪವೆಂದು ಯುವಕ ತಿಳಿಸಿದಾಗ ವೃದ್ಧರು ಬಹಳ ಹೊತ್ತು ಆತನನ್ನೇ ನೋಡಿದರು. ಧ್ವಜದ ಮೇಲಿನ ಅಕ್ಷರಗಳಾಗಿ ಮಾತ್ರ ಅವರು ಬಲ್ಲ ಆ ಹೆಸರು ಒಬ್ಬ ಮನುಷ್ಯನಾಗಿ ಎದುರಿಗೆ ಕುಳಿತಿತ್ತು. "ಅಲ್ಲಿ ನಿಮ್ಮವರೂ ಬಹಳ ಕಷ್ಟಪಟ್ಟಿರಬೇಕು" ಎಂದರು. ಅದು ಅವರ ಕಡೆಯ ಕ್ಷಮಾಯಾಚನೆಯಂತಿತ್ತು.

ಬ್ರಿಟನ್ನಿನಲ್ಲಿ ಒಂದು ಸಂಪ್ರದಾಯವುಂಟು. ಪದಕವನ್ನು ಪಡೆದ ಯೋಧನು ಅದನ್ನು ಎದೆಯ ಎಡಭಾಗದಲ್ಲಿ ಧರಿಸುತ್ತಾನೆ. ಗತಿಸಿದ ತಂದೆಯ ಅಥವಾ ಅಜ್ಜನ ಪದಕವನ್ನು ಧರಿಸುವವರು ಬಲಭಾಗದಲ್ಲಿ ಧರಿಸುತ್ತಾರೆ. "ಈ ಗೌರವ ನನ್ನದಲ್ಲ, ನಾನು ಹೊತ್ತವನು ಮಾತ್ರ" ಎಂಬುದು ಅದರ ಅರ್ಥ. ಇತರರು ಗಳಿಸಿದ ಮಾನವನ್ನು ಮಾತಿನಿಂದಾಗಲಿ ಮೌನದಿಂದಾಗಲಿ ತನ್ನದೆಂದು ತೋರಿಸಿಕೊಳ್ಳುವುದೂ ಕೊಡದುದನ್ನು ಕೊಂಡಂತೆಯೇ. ಅಚೌರ್ಯ ವ್ರತವು ಹಣ ಒಡವೆಗಳಿಗಷ್ಟೇ ಸೀಮಿತವಲ್ಲ. ಬಲಭಾಗದಲ್ಲಿ ಪದಕ ಧರಿಸುವವನ ವಿನಯವಿದ್ದರೆ ಆ ಚೌಕುಳಿಯನ್ನು ಯಾರು ಉಟ್ಟರೂ ದೋಷವಿಲ್ಲ. ಆ ವಿನಯವಿಲ್ಲದಿದ್ದರೆ ಬಾಡಿಗೆ ತೆತ್ತರೂ ಬಟ್ಟೆಯ ಋಣ ತೀರುವುದಿಲ್ಲ.