ಕುಲಪತಿಗಳ ನೆನಪಿನೊಳಗ ನಮ್ಮ ಹಾಸ್ಟೆಲ್ ಎಲ್ಲೈತಿ?

ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ.

ಮೊನ್ನೆ ಒಂದು ಕಾರ್ಯಕ್ರಮದಾಗ ನಿವೃತ್ತ ಕುಲಪತಿಯೊಬ್ಬರು ತಮ್ಮ ಅವಧಿಯ ನೆನಪು ಹಂಚಿಕೊಂಡರು. ಹೆಸರು ಬ್ಯಾಡ. ಘಟಿಕೋತ್ಸವಕ್ಕೆ ಯಾರ‍್ಯಾರು ಬಂದಿದ್ದರು, ನ್ಯಾಕ್ ತಂಡ ಬರೋ ಮುಂದ ಕ್ಯಾಂಪಸ್ಸಿಗೆ ಹೆಂಗ ಸುಣ್ಣಬಣ್ಣ ಆತು, ಯುವಜನೋತ್ಸವದಾಗ ಹುಡುಗರು ಡೊಳ್ಳು ಹೆಂಗ ಬಾರಿಸಿದರು, ಎಲ್ಲಾ ಚಂದ ಹೇಳಿದರು. ಎಲ್ಲಾ ಮಹಾಪುರುಷರ ಜಯಂತಿ ಅದ್ಧೂರಿಯಾಗಿ ಮಾಡಿದ್ವಿ ಅಂದರು. ಒಂದು ತಾಸಿನ ಭಾಷಣದಾಗ ಹಾಸ್ಟೆಲ್ ಅನ್ನೋ ಶಬ್ದ ಒಂದೇ ಸಲ ಬಂತು. ಅದೂ ಹೊಸ ಕಟ್ಟಡದ ಉದ್ಘಾಟನೆಗೆ ಯಾವ ಮಂತ್ರಿ ಬಂದಿದ್ದರು ಅಂತ ಹೇಳೋದಕ್ಕ.

ಅವರೇನು ಕೆಟ್ಟ ಮನುಷ್ಯರಲ್ಲ. ಕುರ್ಚಿ ಎಲ್ಲಿ ಇಟ್ಟಿರತಾರೋ ಅಲ್ಲಿಂದ ಕಾಣೋದಷ್ಟೇ ನೆನಪಾಗಿ ಉಳೀತದ. ಅದಕ್ಕ ನನಗನಿಸ್ತು, ಕ್ಯಾಂಪಸ್ಸಿನ ನೆನಪು ಬರಿಯೋ ಹಕ್ಕು ಕುರ್ಚಿಗಷ್ಟೇ ಇರಬಾರದು. ಮೆಸ್ಸಿನ ತಾಟಿಗೂ ಒಂದು ನೆನಪು ಇರತೈತಿ.

ಧಾರವಾಡಕ್ಕ ಕುಲಪತಿಗಳ ನೆನಪು ಹೊಸದಲ್ಲ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದರು. ಗೋಕಾಕ ಸೀಮೆಯ ಮಮದಾಪುರದಿಂದ ಹೋಗಿ ಕೇಂಬ್ರಿಡ್ಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆಗಿ ಬಂದವರು, ಮುಂದೆ ಪಂಜಾಬಿನ ರಾಜ್ಯಪಾಲರಾದವರು. ಶಿಕ್ಷಣ ಆಡಳಿತಗಾರನಾಗಿ ತಾವು ಕಂಡದ್ದನ್ನ 1964ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. ಚೋಟಾ ಮಹಾಬಳೇಶ್ವರದ ಗುಡ್ಡದ ಮ್ಯಾಲೆ ಇವತ್ತು ಕಾಣೋ ಕ್ಯಾಂಪಸ್ಸಿಗೆ ಪಾವಟೆ ನಗರ ಅಂತ ಹೆಸರು ಬಂದದ್ದು ಸುಮ್ಮನಲ್ಲ. ಹದಿಮೂರು ವರ್ಷ ಒಂದೇ ಕೆಲಸದ ಬೆನ್ನು ಹತ್ತಿದ ಮನುಷ್ಯನಿಗೆ ಸಲ್ಲಬೇಕಾದ ಗೌರವ ಅದು. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರ ಇದೇ ಧಾರವಾಡದಾಗ ಇನ್ನೊಂದು ಶಿಕ್ಷಣ ಸಂಸ್ಥೆಯ ನೆನಪು ಐತಿ. ಅದು ವಿಶ್ವವಿದ್ಯಾಲಯಕ್ಕಿಂತ ಇಪ್ಪತ್ತು ವರ್ಷ ಹಳೇದು. ಅದರ ಬಗ್ಗೆ ನಮ್ಮ ಪದವೀಧರರಿಗೇ ಗೊತ್ತಿಲ್ಲ.

1928ರಲ್ಲಿ ಬಾಬಾಸಾಹೇಬರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಅಂತ ಕಟ್ಟಿದರು. ಅಸ್ಪೃಶ್ಯ ಮಕ್ಕಳು ಹೈಸ್ಕೂಲು ಮುಟ್ಟಬೇಕಂದ್ರ ಊರು ಬಿಟ್ಟು ಪ್ಯಾಟಿಗೆ ಬರಬೇಕು. ಪ್ಯಾಟಿಗೆ ಬಂದರ ಬಾಡಿಗೆ ಖೋಲಿ ಯಾರೂ ಕೊಡಂಗಿಲ್ಲ, ಖಾನಾವಳಿಯಾಗ ತಾಟು ಹಾಕಂಗಿಲ್ಲ. ಸಾಲಿ ಬಾಗಿಲು ತೆರೆದರೂ ಮಲಗಾಕ ಜಾಗ ಇಲ್ಲದಿದ್ದರ ಓದು ಎಲ್ಲಿಂದ ಬರಬೇಕು? ಅದಕ್ಕ ಅವರು ಮೊದಲು ಹಾಸ್ಟೆಲ್ ಹಿಡಿದರು. ಮುಂಬಯಿ ಪ್ರಾಂತದ ಸರ್ಕಾರದ ಅನುದಾನದಿಂದ ನಡೆದ ಆ ಹಾಸ್ಟೆಲುಗಳು ಪನವೇಲ, ಠಾಣೆ, ನಾಸಿಕ, ಪುಣೆ ಮತ್ತು ನಮ್ಮ ಧಾರವಾಡದಲ್ಲಿದ್ದವು. ಕನ್ನಡ ಸೀಮೆಗೆ ಬಂದದ್ದು ಧಾರವಾಡದ್ದು.

ಆ ಹಾಸ್ಟೆಲ್ ನೋಡಿಕೊಂಡವರು ಬಳವಂತರಾವ್ ವರಾಳೆ. ಬಾಬಾಸಾಹೇಬರ ಒಡನಾಟದ ನೆನಪುಗಳನ್ನ ಮರಾಠಿಯಲ್ಲಿ ಬರೆದಿಟ್ಟು ಹೋಗ್ಯಾರ. 2022ರಲ್ಲಿ ನಮ್ಮ ರಾಜ್ಯದ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಬಂದು, ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಪ್ರಸನ್ನ ವರಾಳೆಯವರು ಇವರ ಮೊಮ್ಮಗ. ಒಂದು ಹಾಸ್ಟೆಲ್ ಸೂಪರಿಂಟೆಂಡೆಂಟರ ಮನೆಯಿಂದ ಮೂರನೇ ತಲೆಮಾರಿಗೆ ದೇಶದ ಅತ್ಯುನ್ನತ ನ್ಯಾಯಪೀಠ. ಹಾಸ್ಟೆಲ್ ಅಂದ್ರ ಏನು ಅಂತ ಕೇಳೋರಿಗೆ ಇದೊಂದು ಉತ್ತರ ಸಾಕು.

ಆ ಹಾಸ್ಟೆಲಿನ ಒಂದು ಕಥಿ ನಮ್ಮ ಮಂದಿ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದಾರ. ಬಾಬಾಸಾಹೇಬರು ಪರದೇಶಕ್ಕ ಹೋದಾಗ ರಮಾಬಾಯಿ ಅವ್ವ ಧಾರವಾಡಕ್ಕ ಬಂದು ವರಾಳೆಯವರ ಮನೆಯಾಗ ಇದ್ದರಂತ. ದಿನಾ ಅಂಗಳದಾಗ ಆಡೋ ಹುಡುಗರು ಎರಡು ದಿನ ಕಾಣಲಿಲ್ಲ. ಯಾಕ ಅಂತ ಕೇಳಿದರು. ಸರ್ಕಾರದ ಅನುದಾನ ಬಂದಿಲ್ಲ, ಕಾಳುಕಡಿ ಮುಗಿದೈತಿ, ಹುಡುಗರು ಉಪವಾಸ ಅದಾವು ಅಂದರು. ಅವ್ವ ಒಳಗ ಹೋಗಿ ತನ್ನ ಬಂಗಾರದ ಬಳಿ ತಂದು ಕೈಯಾಗಿಟ್ಟು, ಇವನ್ನ ಒತ್ತೆ ಇಟ್ಟು ರೇಷನ್ ತರ್ರಿ ಅಂದಳಂತ. ಐದು ಮಕ್ಕಳನ್ನ ಹಡೆದು ನಾಲ್ವರನ್ನ ಮಣ್ಣಿಗೆ ಕೊಟ್ಟ ತಾಯಿ ಆಕಿ. ಆ ಹುಡುಗರೆಲ್ಲ ಆಕಿಗೆ ಆಯಿ ಅಂತಿದ್ದರು.

ಈ ಕಥಿ ಕೇಳಿ ನಾವೆಲ್ಲ ಕಣ್ಣೀರು ಹಾಕ್ತೀವಿ, ಮೇ 27ಕ್ಕ ರಮಾಯಿ ಪುಣ್ಯತಿಥಿ ಮಾಡ್ತೀವಿ. ಆದರ ಕಥಿಯೊಳಗಿನ ಒಂದು ಮಾತು ಯಾರೂ ಹಿಡಿದು ಕೇಳಂಗಿಲ್ಲ: "ಅನುದಾನ ಬಂದಿಲ್ಲ." ಸುಮಾರು ನೂರು ವರ್ಷ ಆಗಾಕ ಬಂತು. ಇವತ್ತೂ ಹಾಸ್ಟೆಲ್ ಹುಡುಗರ ಬಾಯಾಗ ಅದೇ ಮಾತು.

ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾದದ್ದು 1944ರಲ್ಲಿ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್ಲಿನಾಗ ಇದ್ದ ಕಾಲ. ಸಂವಿಧಾನಕ್ಕಿಂತ ಹಳೇ ಯೋಜನೆ ಅದು. ಅದು ಯಾರ ದಾನನೂ ಅಲ್ಲ. ಈಗ ಪೋರ್ಟಲ್ ಬಂದೈತಿ, ಆಧಾರ್ ಬಂದೈತಿ, ಅರ್ಜಿ ಆನ್‌ಲೈನ್ ಆಗೇತಿ. ಅರ್ಜಿ ಹಾಕಾಕ ಕೊನೆ ದಿನಾಂಕ ಇರತೈತಿ. ರೊಕ್ಕ ಬರಾಕ ಕೊನೆ ದಿನಾಂಕ ಇರಂಗಿಲ್ಲ.

ನಾನು ಬಿ.ಎ. ಓದುವಾಗಿನ ಮಾತು ಹೇಳ್ತೀನಿ. ಕಾಲೇಜಿನ ಹೆಸರು ಬರಿಯಂಗಿಲ್ಲ. ಸ್ಕಾಲರ್‌ಶಿಪ್ ಬರೋದು ತಡ ಆತು. ಫೀ ಬಾಕಿ ಇದ್ದವರ ಹೆಸರು ನೋಟಿಸ್ ಬೋರ್ಡಿಗೆ ಹಚ್ಚಿದರು. ಹೆಸರಿನ ಮುಂದ ಕೌಂಸಿನಾಗ ಎಸ್ಸಿ, ಎಸ್ಸಿ, ಎಸ್ಸಿ ಅಂತ ಸಾಲಾಗಿ ಬರೆದಿತ್ತು. ಅಲ್ಲೀತನಕ ನನ್ನ ಬಾಜು ಕುಂಡ್ರತಿದ್ದ ಗೆಳ್ಯಾಗ ನನ್ನ ಜಾತಿ ಗೊತ್ತಿರಲಿಲ್ಲ. ಅವನು ಬೋರ್ಡ್ ನೋಡಿ ಬಂದ, ಏನೂ ಅನ್ನಲಿಲ್ಲ. ಮರುದಿನದಿಂದ ಎರಡು ಬೆಂಚು ಹಿಂದ ಕುಂತ. ಪರೀಕ್ಷೆ ಅರ್ಜಿ ತುಂಬಾಕ ಮೂರು ದಿನ ಉಳಿದಾಗ ನಮ್ಮವ್ವ ಮಹಿಳಾ ಸಂಘದಾಗ ಸಾಲ ತಗದಳು. ಸ್ಕಾಲರ್‌ಶಿಪ್ ಬಂದದ್ದು ರಿಸಲ್ಟ್ ಬಂದ ಮ್ಯಾಲೆ. ಅಷ್ಟೊತ್ತಿಗೆ ಅಸಲಿನ ಜೋಡಿ ಬಡ್ಡಿನೂ ಕಟ್ಟಿ ಮುಗಿಸಿದ್ದಳು.

ಆವಾಗ ರಮಾಯಿ ಬಳಿ. ಈಗ ನಮ್ಮವ್ವನ ಸಂಘದ ಸಾಲ. ಸರ್ಕಾರದ ತಡಕ್ಕ ಪ್ರತಿ ಸಲ ಒಬ್ಬ ಬಡ ತಾಯಿನೇ ಜಾಮೀನು ಕೊಡಬೇಕಾ?

ಕುಲಪತಿಗಳೇನು ಮಾಡಬೇಕು, ರೊಕ್ಕ ಕೊಡೋದು ಸರ್ಕಾರ ಅಲ್ಲೇನು ಅಂತ ಕೆಲವರು ಕೇಳ್ತಾರ. ಖರೇ, ರೊಕ್ಕ ಕೊಡೋದು ಸರ್ಕಾರ. ಆದರ ಹಾಲ್ ಟಿಕೆಟ್ ತಡಿಯೋದು ಸರ್ಕಾರ ಅಲ್ಲ. ನೋಟಿಸ್ ಬೋರ್ಡಿಗೆ ಹೆಸರು ಹಚ್ಚೋದು ಸರ್ಕಾರ ಅಲ್ಲ. ಸ್ಕಾಲರ್‌ಶಿಪ್ ಬರೋತನಕ ಫೀ ಕೇಳಬ್ಯಾಡ್ರಿ ಅಂತ ಒಂದು ಸುತ್ತೋಲೆ ಹೊರಡಿಸಿ, ಅದು ಪಾಲನೆ ಆಗೇತಿ ಇಲ್ಲ ಅಂತ ತಿಂಗಳಿಗೊಮ್ಮೆ ಕೇಳಿದರ ಸಾಕು. ಎಷ್ಟೋ ಹುಡುಗರು ಓದು ಬಿಡೋದು ನಿಲ್ಲತೈತಿ.

ಹಣ ತಡ ಆದರ ಏನಾಗತೈತಿ ಅನ್ನೋರು ರೋಹಿತ್ ವೇಮುಲನ ನೆನಪು ಮಾಡಿಕೊಳ್ರಿ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಾಗ ಐದು ಮಂದಿ ದಲಿತ ಸಂಶೋಧಕರನ್ನ ಹಾಸ್ಟೆಲಿನಿಂದ ಹೊರಗ ಹಾಕಿದರು. ಅವರು ಕ್ಯಾಂಪಸ್ಸಿನ ಬಯಲಿನಾಗ ಟೆಂಟ್ ಹೊಡೆದು, ಅದಕ್ಕ ವೆಲಿವಾಡ ಅಂತ ಹೆಸರಿಟ್ಟರು. ನಮ್ಮ ಭಾಷಾದಾಗ ಹೊಲಗೇರಿ ಅಂದಂಗ. ವಿಶ್ವವಿದ್ಯಾಲಯದ ಒಳಗೇ ಒಂದು ಕೇರಿ ಎದ್ದು ನಿಂತಿತ್ತು. 2016ರ ಜನವರಿ 17ರಂದು ರೋಹಿತ್ ಹೋದ. ಬಿಟ್ಟುಹೋದ ಪತ್ರದಾಗ ಏಳು ತಿಂಗಳ ಫೆಲೋಶಿಪ್ ಬಾಕಿಯ ಲೆಕ್ಕ ಇತ್ತು, ಅದನ್ನ ಮನೆಯವರಿಗೆ ಮುಟ್ಟಿಸ್ರಿ ಅಂತ. ಸಾಯೋ ಹುಡುಗ ಸಾಲದ ಲೆಕ್ಕ ಬರೆದಿಟ್ಟು ಹೋದ.

2019ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಪಾಯಲ್ ತಡವಿ. ಅದೇ ವರ್ಷ ರೋಹಿತನ ತಾಯಿ ರಾಧಿಕಾ ವೇಮುಲ, ಪಾಯಲ್ ತಾಯಿ ಅಬೇದಾ ತಡವಿ, ಇಬ್ಬರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ಅವರು ಹೊಸಾದೇನೂ ಕೇಳಲಿಲ್ಲ. ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು: ಪ್ರತಿ ವಿಶ್ವವಿದ್ಯಾಲಯದಾಗ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯದ ದೂರು ಕೇಳಾಕ ಒಬ್ಬ ಅಧಿಕಾರಿ ಇರಬೇಕು. ಇರೋ ನಿಯಮ ಜಾರಿ ಮಾಡ್ರಿ ಅನ್ನಾಕ ಮಕ್ಕಳನ್ನ ಕಳಕೊಂಡ ತಾಯಂದಿರು ದಿಲ್ಲಿಗೆ ಹೋಗಬೇಕಾತು. ರೋಹಿತ್ ಹೆಸರಿನ ಕಾಯ್ದೆ ತರ್ತೀವಿ ಅಂತ ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಹೇಳಿತು. ಕಾಯ್ದೆ ಬರಲಿ. ಆದರ ದೂರು ಕೊಡೋ ಹುಡುಗಿಗೆ ಆ ಅಧಿಕಾರಿಯ ಖೋಲಿ ಎಲ್ಲೈತಿ ಅಂತ ಗೊತ್ತಿಲ್ಲದಿದ್ದರ ಯಾವ ಕಾಯ್ದೆನೂ ಪುಸ್ತಕದಾಗಿನ ಬದನೀಕಾಯಿ.

ಇನ್ನ ಜಯಂತಿ ವಿಷಯ. ಏಪ್ರಿಲ್ 14 ರಜಾ ದಿನ. ಮುಂಜಾನೆ ಮಾಲಾರ್ಪಣೆ, ಎರಡು ಭಾಷಣ, ಫೋಟೊ, ಚಹಾ. ಮುಂದಿನ ಸಾಲಿನಾಗ ಪದಾಧಿಕಾರಿಗಳು, ಹಿಂದ ನಮ್ಮ ಹಾಸ್ಟೆಲ್ ಹುಡುಗರು, ಎಸ್ಸಿ-ಎಸ್ಟಿ ನೌಕರರ ಸಂಘದವರು. ಉಳಿದ ಪ್ರಾಧ್ಯಾಪಕರಿಗೆ ಅದು ಬರೇ ಸೂಟಿ. ಕುರ್ಚಿ ಹಾಕೋರೂ ನಮ್ಮವರೇ, ತೆಗೆಯೋರೂ ನಮ್ಮವರೇ. ಬಾಬಾಸಾಹೇಬರು ಇಡೀ ಕ್ಯಾಂಪಸ್ಸಿಗೆ ಸೇರಿದವರು ಅಂತ ವೇದಿಕೆ ಮ್ಯಾಲೆ ಹೇಳ್ತಾರ. ವೇದಿಕೆ ಕೆಳಗ ನೋಡಿದರ ಬ್ಯಾರೆನೇ ಲೆಕ್ಕ ಕಾಣತೈತಿ. ಹುಬ್ಬಳ್ಳಿ ಓಣಿಗಳಾಗ ನಮ್ಮ ಮಂದಿ ಕೂಲಿ ರೊಕ್ಕದಾಗ ಪಟ್ಟಿ ಎತ್ತಿ ಮಾಡೋ ಜಯಂತಿ ನೋಡ್ರಿ. ಮುದುಕ್ಯಾರು, ಕೂಸುಗಳು, ಎಲ್ಲರೂ ಇರತಾರ. ಅಲ್ಲಿ ನೀಲಿ ಬಾವುಟ ಹಿಡಿದು ಕುಣಿಯೋ ಹುಡುಗನೇ ನಾಳೆ ನಿಮ್ಮ ಕ್ಯಾಂಪಸ್ಸಿಗೆ ಅಡ್ಮಿಶನ್ ಕೇಳಿಕೊಂಡು ಬರತಾನ. ಅವನ್ನ ಹೆಂಗ ಬರಮಾಡಿಕೊಳ್ತೀರಿ ಅನ್ನೋದೇ ಖರೇ ಜಯಂತಿ.

ಬಾಬಾಸಾಹೇಬರೂ ಕಾಲೇಜು ನಡೆಸಿದವರೇ. 1935ರಲ್ಲಿ ಮುಂಬಯಿ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾದರು. 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ದಿನಾ ನೌಕರಿ ಮಾಡೋ ಹುಡುಗರೂ ಓದಲಿ ಅಂತ ಮುಂಜಾನೆಯೇ ತರಗತಿ ಇಟ್ಟರು. ಅಲ್ಲಿ ವಿದ್ಯಾರ್ಥಿಗಳದ್ದೇ ಒಂದು ಪಾರ್ಲಿಮೆಂಟ್ ನಡೀತಿತ್ತು. 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ್ ಕಾಲೇಜಿನ ಕೆಲಸ ಶುರುವಾತು, ಧಾರವಾಡದ ವರಾಳೆಯವರೂ ಮುಂದೆ ಅಲ್ಲಿಗೇ ಹೋದರು. ಹುಡುಗನ ಹೊಟ್ಟಿ, ಅವನ ದುಡಿಮೆ, ಅವನ ಮಾತು, ಈ ಮೂರನ್ನ ನೋಡಿ ಕ್ಯಾಂಪಸ್ ಕಟ್ಟಿದ ಮನುಷ್ಯ ಅವರು.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಕಾಯ್ದೆ ಬಂದದ್ದು 2000ದಲ್ಲಿ. ಕುಲಪತಿ ನೇಮಕ ಮಾಡುವಾಗ ಪ್ರತಿಭೆ, ಸಮಾನತೆ, ಸಾಮಾಜಿಕ ನ್ಯಾಯ ಮೂರನ್ನೂ ನೋಡಬೇಕು ಅಂತ ಅದರಾಗ ಐತಿ. ಮುಂಬಯಿ ವಿಶ್ವವಿದ್ಯಾಲಯಕ್ಕ 2000ದಲ್ಲಿ ಭಾಲಚಂದ್ರ ಮುಣಗೇಕರ್, ಪುಣೆಗೆ 2006ರಲ್ಲಿ ನರೇಂದ್ರ ಜಾಧವ್ ಕುಲಪತಿಗಳಾದರು. ಆ ಕುರ್ಚಿಗಳೇನು ಮುರಿದು ಬೀಳಲಿಲ್ಲ. ನಮ್ಮವರು ಕುಲಪತಿ ಆಗಬೇಕು ಅನ್ನೋದು ಒಂದು ಬೇಡಿಕೆ. ಯಾರೇ ಕುಲಪತಿ ಆದರೂ ಕಾಯ್ದೆಯ ಮೂರನೇ ಶಬ್ದ ಮರಿಬಾರದು ಅನ್ನೋದು ಇನ್ನೊಂದು.

ಈಗ ಕುರ್ಚಿ ಮ್ಯಾಲಿರೋ ಎಲ್ಲಾ ಕುಲಪತಿ ಸಾಹೇಬರಿಗೆ ನನ್ನದೊಂದು ವಿನಂತಿ. ನಿಮ್ಮ ಡೈರಿಯೊಳಗ ಇವನ್ನೂ ಬರೆದಿಡ್ರಿ. ಈ ವರ್ಷ ಸ್ಕಾಲರ್‌ಶಿಪ್ ಯಾವ ತಾರೀಖಿಗೆ ಬಂತು? ಎಷ್ಟು ಹುಡುಗರು ಮೊದಲ ಸೆಮಿಸ್ಟರಿಗೇ ಓದು ಬಿಟ್ಟು ಹೋದರು, ಯಾಕ ಹೋದರು? ಪಿಎಚ್.ಡಿ. ಸೀಟು ಸಿಕ್ಕರೂ ಗೈಡ್ ಸಿಗದೆ ಅಲೆದವರು ಯಾರು? ಮುಂಚಿತವಾಗಿ ಹೇಳದೆ ಎಷ್ಟು ಸಲ ಹಾಸ್ಟೆಲಿಗೆ ಹೋಗಿ ಹುಡುಗರ ಜೋಡಿ ಕುಂತು ಊಟ ಮಾಡಿದ್ರಿ? ತಾರತಮ್ಯದ ದೂರು ಎಷ್ಟು ಬಂದವು, ಎಷ್ಟು ಇತ್ಯರ್ಥ ಆದವು? ಒಂದೂ ಬಂದಿಲ್ಲ ಅಂದ್ರ ತಾರತಮ್ಯ ಇಲ್ಲ ಅಂತ ತಿಳಕೋಬ್ಯಾಡ್ರಿ, ಹುಡುಗರಿಗೆ ನಿಮ್ಮ ಮ್ಯಾಲೆ ಭರವಸೆ ಇಲ್ಲ ಅಂತ ತಿಳಕೊಳ್ರಿ.

ಹಾಸ್ಟೆಲಿನಾಗ ಇರೋ ತಮ್ಮಂದಿರು, ತಂಗ್ಯಾರು ಇದನ್ನ ಓದ್ತಿದ್ದರ ನಿಮಗೂ ಒಂದು ಮಾತು. ನಿಮ್ಮ ನೆನಪು ನೀವೇ ಬರೀರಿ. ಅರ್ಜಿ ಹಾಕಿದ ತಾರೀಖು, ರೊಕ್ಕ ಬಂದ ತಾರೀಖು, ಯಾರು ಏನಂದರು, ಯಾರು ಕೈ ಹಿಡಿದರು, ಎಲ್ಲಾ ಒಂದು ನೋಟ್‌ಬುಕ್ಕಿನಾಗ ಇರಲಿ. ಹಾಲ್ ಟಿಕೆಟ್ ತಡೆದರ ಒಬ್ಬರೇ ಅಳಬ್ಯಾಡ್ರಿ. ಹತ್ತು ಮಂದಿ ಕೂಡಿ ಲಿಖಿತ ಅರ್ಜಿ ಕೊಡ್ರಿ, ಅದರ ಪ್ರತಿ ಮ್ಯಾಲೆ ಶಿಕ್ಕಾ ಹಾಕಿಸಿಕೊಳ್ರಿ, ನಮಗೊಂದು ಫೋಟೊ ಕಳಸ್ರಿ. ನಾವು ಬರ್ತೀವಿ.

ಜೈಭೀಮ್. ಜೈ ರಮಾಯಿ.