ಲೋಗೋದ ಬೆನ್ನು

ಕಸೂತಿ ಬಲ್ಲವರು ಸೀರೆಯನ್ನು ಮಗುಚಿ ನೋಡುತ್ತಾರೆ. ಧಾರವಾಡದ ನಮ್ಮ ದೊಡ್ಡವ್ವ ಗೋಪುರ, ತೇರು, ನವಿಲುಗಳನ್ನೆಲ್ಲ ಬಿಟ್ಟು ಮೊದಲು ಬಟ್ಟೆಯ ಬೆನ್ನಿಗೇ ಕಣ್ಣು ಹಾಯಿಸುತ್ತಿದ್ದಳು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಇರಬಾರದು. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಒಂದೇ ಎಳೆ ಮುಂದೆ ಹೋಗಿ, ಅದೇ ದಾರಿಯಲ್ಲಿ ಮರಳುತ್ತ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರುತ್ತದೆ. ಮಗುಚಿ ನೋಡುವ ಚಟ ನನಗೂ ಅಂಟಿದೆ. ಯಾರದಾದರೂ ಎದೆಯ ಮೇಲೆ ಕಂಪನಿಯ ಲೋಗೋ ಕಂಡರೆ ಅದರ ಒಳಮೈ ಹೇಗಿದ್ದೀತು ಎಂದು ಯೋಚಿಸುತ್ತೇನೆ. ಅಂಗಿ ಬಿಚ್ಚಿ ತೋರಿಸಿ ಎನ್ನಲು ಮಾತ್ರ ಆಗುವುದಿಲ್ಲ.

ಆ ಬೆನ್ನನ್ನು ಸಾವಕಾಶವಾಗಿ ನೋಡಲು ಸಿಕ್ಕಿದ್ದು ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಎಂಬ್ರಾಯಿಡರಿ ಅಂಗಡಿಯಲ್ಲಿ. ನಮ್ಮ ಓದುಗರ ಬಳಗಕ್ಕೆ 25 ಟೀ ಶರ್ಟು ಬೇಕಿದ್ದವು. ಎದೆಯ ಮೇಲೆ ಒಂದು ಪುಸ್ತಕದ ಚಿತ್ರ, ಕೆಳಗೆ ಸಣ್ಣದಾಗಿ ‘ಧಾರವಾಡ’. ಆದರೆ ಚಿತ್ರವೆಂಬುದು ಯಂತ್ರಕ್ಕೆ ತಿಳಿಯದು. ಅದಕ್ಕೆ ತಿಳಿಯುವುದು ಮುಂದಿನ ಚುಚ್ಚು ಎಲ್ಲಿ ಎಂಬುದೊಂದೇ. ಹಾಗಾಗಿ ಮೊದಲು ಒಬ್ಬರು ಕಂಪ್ಯೂಟರಿನ ಮುಂದೆ ಕೂತು ಚಿತ್ರವನ್ನು ಸಾವಿರಾರು ಚುಚ್ಚುಗಳಾಗಿ ಒಡೆಯಬೇಕು. ಇದಕ್ಕೆ ಡಿಜಿಟೈಸಿಂಗ್ ಎನ್ನುತ್ತಾರೆ. ಸಪೂರ ಗೆರೆಗೆ ರನ್ನಿಂಗ್, ಅಕ್ಷರಗಳಿಗೆ ಹೊಳೆಯುವ ಸ್ಯಾಟಿನ್, ಅಗಲ ಜಾಗಕ್ಕೆ ಫಿಲ್. ಇವೆಲ್ಲಕ್ಕೂ ಮೊದಲು ಅಡಿಪಾಯದಂಥ ಒಂದು ತಳಹೊಲಿಗೆ. ಎಷ್ಟು ಸಾವಿರ ಹೊಲಿಗೆಯೋ ಅದರ ಮೇಲೆ ದರ.

ಅಂಗಡಿಯ ಹುಡುಗ ಒಂದು ಗುಟ್ಟು ಹೇಳಿದ. ಪರದೆಯ ಮೇಲೆ ದುಂಡಗೆ ಬರೆದದ್ದು ಬಟ್ಟೆಯ ಮೇಲೆ ದುಂಡಗೆ ಬರುವುದಿಲ್ಲ. ದಾರದ ಬಿಗಿತಕ್ಕೆ ಬಟ್ಟೆ ಹೊಲಿಗೆಯ ದಿಕ್ಕಿನಲ್ಲಿ ಒಳಗೆ ಎಳೆದುಕೊಳ್ಳುತ್ತದೆ, ವೃತ್ತ ಮೊಟ್ಟೆಯಾಗುತ್ತದೆ. ದುಂಡಗೆ ಬರಬೇಕಾದರೆ ಆ ದಿಕ್ಕಿಗೆ ಕೊಂಚ ಅಗಲವಾಗಿಯೇ ಬರೆಯಬೇಕು. ಹಿಗ್ಗುವ ಟೀ ಶರ್ಟಿನಲ್ಲಿ ಈ ಕಾಟ ಇನ್ನೂ ಹೆಚ್ಚು. ಅದಕ್ಕೇ ಅಡಿಗೆ ಬ್ಯಾಕಿಂಗ್ ಪೇಪರ್ ಇಟ್ಟು ಫ್ರೇಮಿಗೆ ಬಿಗಿಯುವುದು.

ಆಮೇಲೆ ನಮ್ಮೂರಿನ ಹೆಸರಿನ ಸರದಿ. “ಸರ, ಇಷ್ಟ ಸಣ್ಣ ಅಕ್ಷರಾ ಆಗಂಗಿಲ್ರಿ,” ಎಂದ. ಎತ್ತರ 5 ಮಿಲಿಮೀಟರಿಗಿಂತ ಕೆಳಗಿಳಿದರೆ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳೇ ಏದುಸಿರು ಬಿಡುತ್ತವೆ. ನಮ್ಮ ಸುರುಳಿ, ಒತ್ತು, ಸೀಳುಗಳ ಪಾಡೇನು? ದಾರಕ್ಕೆ ಅದರದೇ ದಪ್ಪವಿದೆ. ಮಾದರಿ ಬಟ್ಟೆಯ ಮೇಲೆ ಅಕ್ಷರದ ಹೊಟ್ಟೆ ಸೀಳುವ ಆ ಪುಟ್ಟ ಗೀಟು ಮುಚ್ಚಿಹೋಗಿ, ಮೂಡಿದ್ದು ‘ದಾರವಾಡ’. ದಾರದಂಗಡಿಯಲ್ಲಿ ಇದೂ ಸರಿಯಾದ ಹೆಸರೇ ಎಂದು ನಕ್ಕೆವು. “ಇಂಗ್ಲಿಷ್‌ನ್ಯಾಗ ಹಾಕಸ್ರಿ, ಚೊಲೋ ಬರ್ತದ,” ಎಂದು ಅವನು ಅಂದಾಗ ನಗು ನಿಂತಿತು. ಅಂಗಿಗಳ ಎದೆಯ ಮೇಲೆ ಕನ್ನಡ ಕಾಣದಿರಲು ದೊಡ್ಡ ದೊಡ್ಡ ಕಾರಣಗಳಿವೆ; ಅವುಗಳ ಪಕ್ಕದಲ್ಲಿ ಒಂದು ಗೀಟಿನಷ್ಟೇ ಸಣ್ಣದಾದ ಈ ಕಾರಣವೂ ಇದೆ. ನಾವು ಪುಸ್ತಕದ ಚಿತ್ರ ಕೈಬಿಟ್ಟು ಊರಿನ ಹೆಸರನ್ನು ದೊಡ್ಡದು ಮಾಡಿಸಿದೆವು. ಧ ಉಳಿಯಿತು.

ಯಂತ್ರ ಓಡತೊಡಗಿತು. ಸಾಲಿನಲ್ಲಿ 12 ಸೂಜಿ, 12 ಬಣ್ಣ. ಒಂದು ಹೊತ್ತಿಗೆ ಹೊಲಿಯುವುದು ಒಂದೇ. ಸೂಜಿ ನಿಂತಲ್ಲೇ ಏರಿಳಿಯುತ್ತದೆ, ಅಲೆಯುವುದು ಬಟ್ಟೆ. ಮುಗಿದದ್ದನ್ನು ಮಗುಚಿದೆ. ನಡುವೆ ಬಾಬಿನ್ನಿನ ಬಿಳಿ ದಾರ, ಅದರ ಎರಡೂ ಬದಿಗೆ ಮೇಲಿನ ಬಣ್ಣದ ಅಂಚು. ಮೂರನೇ ಒಂದು ಪಾಲು ಬಿಳಿ ಕಂಡರೆ ಬಿಗಿತ ಸರಿಯಿದೆ ಎಂದರ್ಥ. 1828ರ ಸುಮಾರಿಗೆ ಜೋಸ್ವೆ ಹೈಲ್ಮನ್ ರೂಪಿಸಿದ ಕಸೂತಿ ಯಂತ್ರ ಕೈಯಂತೆಯೇ ಒಂದೇ ದಾರವನ್ನು ಬಟ್ಟೆಯ ಆಚೆಗೂ ಈಚೆಗೂ ಎಳೆಯುತ್ತಿತ್ತು. 1863ರಲ್ಲಿ ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ ಹೊಲಿಗೆ ಯಂತ್ರದ ಹಾಗೆ ಬೆನ್ನಿಗೆ ಇನ್ನೊಂದು ದಾರ ತಂದ. ಪುಟ್ಟ ದೋಣಿಯಂಥ ಅದರ ಲಾಳಿಯಿಂದ ಆ ಯಂತ್ರಕ್ಕೆ ಶಿಫ್ಲಿ ಎಂದೇ ಹೆಸರಾಯಿತು. ಮೆರೆಯಲು ಒಂದು ದಾರ, ಹಿಡಿದಿಡಲು ಇನ್ನೊಂದು.

ನಾವು ಕಾಯುತ್ತಿದ್ದಾಗ ಐವತ್ತರ ಆಸುಪಾಸಿನ ಸೆಕ್ಯುರಿಟಿ ಗಾರ್ಡ್ ಒಬ್ಬರು ಎರಡು ನೀಲಿ ಅಂಗಿ ತಂದರು. ಗುತ್ತಿಗೆ ಬೇರೆ ಏಜೆನ್ಸಿಗೆ ಹೋಗಿತ್ತು. ಗೇಟು ಅದೇ, ಕುರ್ಚಿ ಅದೇ, ಲೋಗೋ ಮಾತ್ರ ಬೇರೆ. ಹೊಸ ಅಂಗಿ ತಗೊಂಡರೆ ಅದರ ದುಡ್ಡನ್ನು ಪಗಾರದಲ್ಲಿ ಮುರಿಯುತ್ತಾರೆ. “ಹಳೇದ ತಗದು ಹೊಸಾದ ಹಾಕ್ಕೊಡೋ ತಮ್ಮಾ,” ಎಂದರು.

ಹುಡುಗ ಅಂಗಿಯನ್ನು ಒಳಮಗ್ಗಲು ಮಾಡಿದ. ಮುಂದಿನಿಂದ ಕೀಳಹೋದರೆ ಬಟ್ಟೆ ಹರಿಯುತ್ತದೆ. ಬೆನ್ನಿನ ಬಿಳಿ ದಾರ ಕೊಯ್ದರೆ ಮೇಲಿನದು ಹಿಡಿತ ತಪ್ಪಿ ಎದ್ದು ಬರುತ್ತದೆ. ಸಣ್ಣ ಬ್ಲೇಡು ಆಡಿಸುತ್ತ ಆಡಿಸುತ್ತ ಹಳೆಯ ಕಂಪನಿಯನ್ನು ಚಿವುಟಿ ತೆಗೆದ. ಅಲ್ಲಿ ಸೂಜಿಯ ತೂತುಗಳು, ಬಿಸಿಲು ಕಾಣದ ಕಡುನೀಲಿ. ಇಡೀ ಅಂಗಿಯಲ್ಲಿ ಹೊಸದಾಗಿ ಉಳಿದಿದ್ದ ಜಾಗ ಅದೊಂದೇ.

“ಇದರ ಮ್ಯಾಲ ಕೂಡ್ತದಲ್ಲ?” ಗಾರ್ಡ್ ಕೇಳಿದರು.

ಹೊಸ ಲೋಗೋ ಚಿಕ್ಕದಿತ್ತು. ಹುಡುಗ ಅಳತೆ ಹಿಡಿದು ನೋಡಿದ. ತೂತುಗಳ ಒಂದು ಸಾಲು ಹೊರಗೇ ಉಳಿಯುತ್ತಿತ್ತು. “ಒಗದಂಗ ಒಗದಂಗ ಮುಚ್ಕೊಂತಾವ ಬಿಡ್ರಿ ಕಾಕಾ,” ಎಂದು ಅಂಗಿಯನ್ನು ಫ್ರೇಮಿಗೆ ಬಿಗಿದ.