ಮಧ್ಯಾಹ್ನ ಬಾಡಿದ ಗಿಡಕ್ಕೆ ನೀರು ಬೇಕೇ?

ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಟೊಮೆಟೊ ತೋಟ ನೋಡಿದರೆ ಎಲೆಗಳೆಲ್ಲ ಜೋತುಬಿದ್ದಿರುತ್ತವೆ. ನಮ್ಮ ಕೋಲಾರದ ಕಡೆ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: 'ಕರೆಂಟ್ ಬಂತಾ ನೋಡು, ನೀರು ಬಿಡಬೇಕು.' ಸಾವಿರ ಅಡಿ ಬೋರ್‌ವೆಲ್‌ನಿಂದ ಎತ್ತುವ ನೀರು ಅದು. ಬೋರ್ ಕೊರೆಸಿದ ಸಾಲ ಇನ್ನೂ ತೀರದ ಮನೆಗಳು ನಮ್ಮವು. ಗಿಡಕ್ಕೆ ನಿಜವಾಗಿ ನೀರು ಬೇಕೇ ಎಂದು ತಿಳಿದುಕೊಳ್ಳದೆ ಮೋಟಾರ್ ಹಾಕುವ ಹಾಗಿಲ್ಲ.

ಶಾಲೆಯಲ್ಲಿ ನಾವು 'ಬಾಷ್ಪ ವಿಸರ್ಜನೆ' ಎಂದು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದೆವು. ಅದು ನಮ್ಮ ತೋಟದಲ್ಲೇ ದಿನಾ ನಡೆಯುವ ಕೆಲಸ. ಬೇರು ಹೀರಿದ ನೂರು ಲೀಟರ್ ನೀರಿನಲ್ಲಿ 95ಕ್ಕೂ ಹೆಚ್ಚು ಲೀಟರ್ ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಹಾಗೆ ಹೋಗುವ ನೀರು ತನ್ನ ಹಿಂದಿನ ನೀರನ್ನು ಸರಪಳಿಯಂತೆ ಎಳೆಯುತ್ತದೆ. ಅರವತ್ತು ಅಡಿ ತೆಂಗಿನ ಗರಿಗೂ ನೀರು ಏರುವುದು ಹೀಗೆಯೇ. ಡಬ್ಲಿನ್‌ನ ಡಿಕ್ಸನ್ ಮತ್ತು ಜಾಲಿ ಎಂಬ ವಿಜ್ಞಾನಿಗಳು 1894ರಲ್ಲೇ ಈ ವಿವರಣೆ ಕೊಟ್ಟರು.

ಆವಿಯಾದ ನೀರು ದಂಡವಲ್ಲ. ನಮಗೆ ಬೆವರು ಹೇಗೋ ಎಲೆಗೆ ಅದು ಹಾಗೆ, ಬಿಸಿಲಿನಲ್ಲಿ ತಂಪು ಕೊಡುತ್ತದೆ. ಗೊಬ್ಬರದ ಸಾರವೂ ಅದೇ ನೀರಿನೊಂದಿಗೆ ಮೇಲೇರುತ್ತದೆ. ಬರಿ ಮಣ್ಣಿನಿಂದ ಆರಿಹೋಗುವ ನೀರೇ ನಿಜವಾದ ನಷ್ಟ. ಬುಡಕ್ಕೆ ಹುಲ್ಲು, ತರಗು ಮುಚ್ಚಿ ಎನ್ನುವುದು ಅದಕ್ಕೇ.

ಮಧ್ಯಾಹ್ನ ಎಲೆಯಿಂದ ಹೋಗುವಷ್ಟು ವೇಗದಲ್ಲಿ ಬೇರು ನೀರು ಕೊಡಲಾರದು. ಗಾಳಿ ಇಳಿದ ಸೈಕಲ್ ಟ್ಯೂಬಿನಂತೆ ಎಲೆ ಮೆತ್ತಗಾಗುತ್ತದೆ. ಮಣ್ಣಿನಲ್ಲಿ ಹಸಿ ಇದ್ದರೂ ಹೀಗಾಗಬಹುದು. ರಾತ್ರಿ ಬೇರು ಆ ಬಾಕಿ ತುಂಬಿಸುತ್ತದೆ, ಬೆಳಗ್ಗೆ ಎಲೆ ನೆಟ್ಟಗಾಗುತ್ತದೆ. ನಮ್ಮಲ್ಲೊಬ್ಬರ ಅಮ್ಮ ಪುಸ್ತಕ ಓದಿದವರಲ್ಲ. ಆದರೂ ಅವರ ಮಾತು: 'ಗಿಡದ ಮುಖ ಹೊತ್ತು ಹುಟ್ಟೋವಾಗ ನೋಡ್ಬೇಕು ಕಣಪ್ಪ, ಮಧ್ಯಾಹ್ನ ಎಲ್ರೂ ಸುಸ್ತೇ.'

ಬೆಳಗ್ಗೆಯೂ ಗಿಡ ಬಾಡಿದ್ದರೆ ಬುಡದ ಪಕ್ಕ ಒಂದು ಗೇಣು ಮಣ್ಣು ಬಗೆದು ನೋಡಿ. ಒಣಗಿದ್ದರೆ ನೀರು ಕೊಡಿ. ಹೊಸದಾಗಿ ನೆಟ್ಟ ಸಸಿಗೆ ಬೇರು ಚಿಕ್ಕದು, ಅದನ್ನು ಕಾಯಿಸಬೇಡಿ.

ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದ್ದರೆ ಎಚ್ಚರ. ಬೇರು ಕೊಳೆತಿರಬಹುದು, ಇಲ್ಲವೇ ದುಂಡಾಣು ಸೊರಗು ರೋಗ ಬಂದು ಕಾಂಡದೊಳಗಿನ ನೀರಿನ ದಾರಿ ಕಟ್ಟಿಕೊಂಡಿರಬಹುದು. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ಸೊರಗು ರೋಗವೇ. ಆಗ ಎಷ್ಟು ನೀರು ಬಿಟ್ಟರೂ ಗಿಡ ಏಳದು. ಹರಿಯುವ ನೀರು ರೋಗವನ್ನು ಪಕ್ಕದ ಸಾಲಿಗೂ ಒಯ್ಯುತ್ತದೆ. ಅಂಥ ಗಿಡವನ್ನು ಬೇರುಸಹಿತ ಕಿತ್ತು ತೋಟದಿಂದ ಹೊರಗೆ ಸಾಗಿಸಿ, ಕಾಲುವೆ ಬದಿಗೆ ಎಸೆಯಬೇಡಿ.

ನಾಳೆ ಡೇರಿಗೆ ಹಾಲು ಹಾಕಿ ಬರುವಾಗ ತೋಟದ ಒಂದು ಸಾಲು ನೋಡಿ ಬನ್ನಿ. ಮೋಟಾರ್ ಹಾಕುವುದೋ ಬೇಡವೋ ಅಲ್ಲೇ ಗೊತ್ತಾಗುತ್ತದೆ.